‘ನೀರು ಅಲ್ಲೇ ಸಿಗುತ್ತೆ’: ಪಿಕ್ನಿಕ್ ಬುತ್ತಿಯೊಳಗಿನ ಒಂದು ಇತಿಹಾಸ

(ಧ್ವನಿ ಸಂಚಿಕೆಯ ಬರಹ ರೂಪ)



ಇವತ್ತಿನ ವಿಷಯ ಸಿಕ್ಕಿದ್ದು ಒಂದು ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ. ಕಳೆದ ಏಪ್ರಿಲ್‌ನಲ್ಲಿ ನಾವು ಹತ್ತು ಜನ ಗೆಳೆಯರು ರಾಮನಗರದ ಕಡೆ ಒಂದು ಬೆಟ್ಟದ ತಪ್ಪಲಿಗೆ ಪಿಕ್ನಿಕ್ ಹೋಗೋದು ಅಂತ ತೀರ್ಮಾನ ಆಯ್ತು. ಎರಡು ಕಾರು, ಒಂದು ಜಮಖಾನ, ಒಂದು ಬ್ಲೂಟೂತ್ ಸ್ಪೀಕರ್. ಪುಳಿಯೋಗರೆ ಯಾರು, ಮೊಸರನ್ನ ಯಾರು, ಚಿಪ್ಸ್ ಯಾರು, ಎಲ್ಲ ಪಟ್ಟಿ ಆಯ್ತು. ಕೊನೆಗೆ ಯಾರೋ ‘ನೀರು?’ ಅಂತ ಕೇಳಿದರು. ನಾನು ತಕ್ಷಣ ಟೈಪ್ ಮಾಡಿದೆ: ‘ನೀರು ಅಲ್ಲೇ ಸಿಗುತ್ತೆ, ಹೊರೋದು ಬೇಡ.’ ಹತ್ತು ನಿಮಿಷ ಬಿಟ್ಟು ಒಬ್ಬ ಗೆಳೆಯ ಉತ್ತರ ಹಾಕಿದ: ‘ನೀರು ನಾನು ತರ್ತೀನಿ.’ ಅಷ್ಟೇ. ಇಮೋಜಿ ಕೂಡ ಇಲ್ಲ.

ಅವನು ಯಾಕೆ ಹಾಗೆ ಬರೆದ ಅನ್ನೋದನ್ನ ಆಮೇಲೆ ಹೇಳ್ತೀನಿ. ಮೊದಲು, ನನ್ನ ಆ ಮಾತನ್ನೇ ನನಗಿಂತ 160 ವರ್ಷ ಮೊದಲು ಪುಸ್ತಕದಲ್ಲಿ ಅಚ್ಚು ಹಾಕಿಸಿದ ಒಬ್ಬ ಹೆಣ್ಣುಮಗಳ ಪರಿಚಯ ಮಾಡ್ಕೊಳ್ಳೋಣ.

40 ಜನ, 122 ಬಾಟಲಿ

ಇಸಾಬೆಲ್ಲಾ ಬೀಟನ್. ಲಂಡನ್ನಿನವರು. ಗಂಡ ಸ್ಯಾಮ್ಯುಯೆಲ್ ಬೀಟನ್ ಪ್ರಕಾಶಕ. 1861ರಲ್ಲಿ ಮನೆವಾರ್ತೆ ಬಗ್ಗೆ ಇವರ ಒಂದು ದಪ್ಪ ಪುಸ್ತಕ ಬಂತು. ಅಡುಗೆಯಿಂದ ಹಿಡಿದು, ಮನೆ ಆಳುಗಳಿಗೆ ವರ್ಷಕ್ಕೆ ಎಷ್ಟು ಸಂಬಳ ಕೊಡಬೇಕು ಅನ್ನೋವರೆಗೆ ಎಲ್ಲ ಅದರಲ್ಲಿತ್ತು. ಮೊದಲ ವರ್ಷವೇ ಸುಮಾರು 60,000 ಪ್ರತಿ ಖರ್ಚಾಯಿತು. ಆಗ ಆಕೆಗೆ ವಯಸ್ಸು 25. ಅಡುಗೆ ವಿಧಾನಗಳಲ್ಲಿ ಬಹುಪಾಲು ಬೇರೆ ಪುಸ್ತಕಗಳಿಂದ, ಪತ್ರಿಕೆಯ ಓದುಗರಿಂದ ತಗೊಂಡಿದ್ದು. ಆದರೆ ಎಲ್ಲವನ್ನೂ ಅಳತೆ, ಸಮಯ, ಖರ್ಚಿನ ಲೆಕ್ಕದ ಸಮೇತ ಒಂದು ಕ್ರಮಕ್ಕೆ ತಂದಿದ್ದು ಆಕೆಯ ಸಾಧನೆ. 28ನೇ ವಯಸ್ಸಿಗೆ, ನಾಲ್ಕನೇ ಹೆರಿಗೆಯಾಗಿ ಒಂದೇ ವಾರಕ್ಕೆ, ಬಾಣಂತಿ ಜ್ವರದಿಂದ ತೀರಿಕೊಂಡರು.

ಆ ಪುಸ್ತಕದಲ್ಲಿ 40 ಜನರ ಪಿಕ್ನಿಕ್‌ಗೆ ಏನೇನು ಕಟ್ಟಿಕೊಂಡು ಹೋಗಬೇಕು ಅನ್ನೋ ಪಟ್ಟಿ ಇದೆ. ಸ್ವಲ್ಪ ಕೇಳಿ. ಹುರಿದ ಮತ್ತು ಬೇಯಿಸಿದ ದನದ ಮಾಂಸದ ದೊಡ್ಡ ತುಂಡುಗಳು, 4 ಹುರಿದ ಕೋಳಿ, 2 ಬಾತುಕೋಳಿ, ಪಾರಿವಾಳದ ಮಾಂಸ ತುಂಬಿದ 2 ಪೈ, 6 ಲಾಬ್‌ಸ್ಟರ್, 18 ಲೆಟ್ಯೂಸ್, 6 ಸೌತೆಕಾಯಿ, 4 ಡಜನ್ ಚೀಸ್‌ಕೇಕ್, 6 ಪೌಂಡ್ ಬೆಣ್ಣೆ. ಒಂದು ದೊಡ್ಡ ಪ್ಲಮ್ ಪುಡಿಂಗ್, ಅದು ಚೆನ್ನಾಗಿರಲೇಬೇಕು ಅಂತ ಬೇರೆ ತಾಕೀತು. ಕಾಫಿ ಮಾತ್ರ ಬೇಡ, ಅಲ್ಲಿ ಮಾಡೋದು ಕಷ್ಟ ಅಂತಾರೆ. ಚಿಕ್ಕಮಗಳೂರಿನವರು ದಯವಿಟ್ಟು ಕ್ಷಮಿಸಬೇಕು.

ಮರೆಯಬಾರದ ಸಾಮಾನುಗಳ ಪಟ್ಟಿ ಬೇರೆಯೇ ಇದೆ: ಉಪ್ಪು, ಮೆಣಸು, ಸಾಸಿವೆ, ಬಿಗಿಯಾಗಿ ಬಿರಡೆ ಹಾಕಿದ ಪುದೀನ ಸಾಸಿನ ಬಾಟಲಿ, ತಟ್ಟೆ, ಲೋಟ, ಮೂರೋ ನಾಲ್ಕೋ ಟೀಪಾಟ್, ಸಾಧ್ಯವಾದರೆ ಸ್ವಲ್ಪ ಐಸ್. ಬಾಟಲಿಯ ಬಿರಡೆ ತೆಗೆಯೋ ಸ್ಕ್ರೂ ಒಂದಲ್ಲ, ಮೂರು! ಪಿಕ್ನಿಕ್‌ಗೆ ಹೋಗಿ ಓಪನರ್ ಮರೆತವರಿಗೆ ಆಕೆಯ ಅನುಭವ ಅರ್ಥ ಆಗುತ್ತೆ.

ಕುಡಿಯೋಕೆ? 36 ಬಾಟಲಿ ಏಲ್, ಅಂದ್ರೆ ಬಿಯರು. ಶುಂಠಿ ಬಿಯರು, ಸೋಡಾ, ಲೆಮನೇಡ್ ತಲಾ 24. ಶೆರ್ರಿ 6, ಕ್ಲಾರೆಟ್ 6, ಬ್ರಾಂದಿ 2. ನಾನು ಕೂಡಿಸಿ ನೋಡಿದೆ: 122 ಬಾಟಲಿ. ಶಾಂಪೇನ್ ಇದರ ಮೇಲೆ, ನಿಮ್ಮ ಇಷ್ಟ ಬಂದಷ್ಟು.

ನೀರು? ಸೊನ್ನೆ. ಮರೆತಿದ್ದಲ್ಲ. ನೀರು ಸಾಮಾನ್ಯವಾಗಿ ಅಲ್ಲೇ ಸಿಗುತ್ತೆ, ಆದ್ದರಿಂದ ಹೊತ್ತುಕೊಂಡು ಹೋಗೋದು ವ್ಯರ್ಥ ಅಂತ ಪಟ್ಟಿಯ ಕೊನೆಯಲ್ಲಿ ಸ್ಪಷ್ಟವಾಗಿ ಹೇಳಿದ್ದಾರೆ.

ಆ ಕಾಲದ ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಆಕೆಯಂಥವರಿಗೆ ಅದು ನಿಜ. ಹೊಳೆ ಇತ್ತು, ಹತ್ತಿರದ ತೋಟದ ಮನೆಯಲ್ಲಿ ಬಾವಿ ಇತ್ತು. ಒಳ್ಳೆ ಬಟ್ಟೆ ಹಾಕಿದ ಮನೆತನಸ್ಥರು ಹೋಗಿ ಕೇಳಿದರೆ ಇಲ್ಲ ಅನ್ನೋರು ಯಾರು? ಮೇಲಾಗಿ ಅಲ್ಲಿನ ಬೇಸಿಗೆ ನಮ್ಮ ಬೇಸಿಗೆ ಅಲ್ಲ. ಲಂಡನ್ನಿನಲ್ಲಿ ಜುಲೈ ತಿಂಗಳ ಸರಾಸರಿ ಗರಿಷ್ಠ ಉಷ್ಣಾಂಶ ಇವತ್ತಿಗೂ 24 ಡಿಗ್ರಿ ಆಸುಪಾಸು. ನಮ್ಮಲ್ಲಿ ಅದಕ್ಕೆ ಡಿಸೆಂಬರ್ ಅಂತೀವಿ.

ಪಾಲಿನ ಊಟ

ಪಿಕ್ನಿಕ್ ಅನ್ನೋ ಪದದ ಕಥೆಯೂ ಸ್ವಾರಸ್ಯವಾಗಿದೆ. ಫ್ರೆಂಚಿನಲ್ಲಿ ‘ಪೀಕ್ ನೀಕ್’ ಅನ್ನೋ ರೂಪ 1690ರ ದಶಕದ ಒಂದು ನಿಘಂಟಿನಲ್ಲೇ ಸಿಗುತ್ತೆ. ಆಗ ಅದಕ್ಕೂ ಬಯಲಿಗೂ ಸಂಬಂಧವೇ ಇರಲಿಲ್ಲ. ಪ್ರತಿಯೊಬ್ಬರೂ ತಮ್ಮ ತಮ್ಮ ಪಾಲು ಹಾಕಿ ಮಾಡುವ ಊಟ ಅಂತ ಅರ್ಥ. ನಾಲ್ಕು ಗೋಡೆ ಒಳಗೇ ನಡೀತಿತ್ತು. 1802ರ ಹೊತ್ತಿಗೆ ಲಂಡನ್ನಿನಲ್ಲಿ ಪಿಕ್ನಿಕ್ ಸೊಸೈಟಿ ಅಂತಲೇ ಒಂದು ಶ್ರೀಮಂತರ ಕೂಟ ಇತ್ತು. ಅವರದೂ ಊಟ, ನಾಟಕ, ಎಲ್ಲ ಒಳಾಂಗಣ. ಆಮೇಲಿನ ದಶಕಗಳಲ್ಲಿ ಈ ಪದ ಬಾಗಿಲು ದಾಟಿ ಹುಲ್ಲಿನ ಮೇಲೆ ಬಂದು ಕೂತಿತು.

ಅಂದ್ರೆ ಪಿಕ್ನಿಕ್‌ನ ಮೂಲ ಪ್ರಶ್ನೆ ‘ಎಲ್ಲಿಗೆ ಹೋಗೋಣ’ ಅಲ್ಲ. ‘ಯಾರು ಏನು ತರ್ತಾರೆ’ ಅನ್ನೋದು. ಇದನ್ನ ನೆನಪಿಟ್ಟುಕೊಳ್ಳಿ.

ನಮ್ಮ ಬುತ್ತಿ

ನಮ್ಮಲ್ಲಿ ಇದಕ್ಕೆ ಪದ ಹುಡುಕಬೇಕಾಗಿಲ್ಲ. ಬುತ್ತಿ. ಹೊಲಕ್ಕೆ ಬುತ್ತಿ, ಜಾತ್ರೆಗೆ ಬುತ್ತಿ, ದೂರದ ಊರಿಗೆ ಬುತ್ತಿ. ಉತ್ತರ ಕರ್ನಾಟಕದವರಿಗೆ ಎಳ್ಳಮವಾಸ್ಯೆ ಗೊತ್ತೇ ಇದೆ. ಸಜ್ಜಿ ರೊಟ್ಟಿ, ಕಡುಬು, ಪಲ್ಯ, ಶೇಂಗಾ ಹೋಳಿಗೆ ಎಲ್ಲ ಕಟ್ಟಿಕೊಂಡು ಚಕ್ಕಡಿ ಹೂಡಿ ಹೊಲಕ್ಕೆ ಹೋಗೋದು, ಭೂತಾಯಿಗೆ ಚರಗ ಚೆಲ್ಲೋದು, ಆಮೇಲೆ ಬದುವಿನ ಮೇಲೆ ಕೂತು ಉಣ್ಣೋದು. ಪಿಕ್ನಿಕ್ ಅಂತ ಹೆಸರಿಡದ ಪಿಕ್ನಿಕ್.

ಆದರೆ ಒಂದು ಗಮನಿಸಿ. ಎಳ್ಳಮವಾಸ್ಯೆ ಬರೋದು ಡಿಸೆಂಬರ್‌ನಲ್ಲೋ ಜನವರಿಯಲ್ಲೋ. ಹೊಲದಲ್ಲಿ ಹಸಿರು ಇರುತ್ತೆ, ಬಿಸಿಲು ಹಿತವಾಗಿರುತ್ತೆ. ಬಯಲಲ್ಲಿ ಕೂತು ಉಣ್ಣೋಕೆ ನಮ್ಮ ಹಿರಿಯರು ಹುಡುಕಿದ್ದು ಚಳಿಗಾಲವನ್ನ. ಬೇಸಿಗೆಯಲ್ಲಿ ಪಿಕ್ನಿಕ್ ಅನ್ನೋದು ನಮಗೆ ಶಾಲೆಯ ರಜೆ ಜೊತೆ ಅಂಟಿಕೊಂಡ ಅಭ್ಯಾಸ. ರಜೆ ಸಿಗೋದು ಏಪ್ರಿಲ್, ಮೇನಲ್ಲಿ, ಹೊರಡೋದೂ ಆಗಲೇ. ಹಾಗಾಗಿ ಬೀಟನ್ನರ ಪಟ್ಟಿ ಹಿಡಿದು ಕಲಬುರಗಿಯ ಮೇ ತಿಂಗಳಲ್ಲಿ ಹೊರಟರೆ ಆ ಲಾಬ್‌ಸ್ಟರ್‌ಗಳ ಗತಿ ಏನು ಅಂತ ನೀವೇ ಊಹಿಸಿ.

ನಮ್ಮ ಬುತ್ತಿಯ ಜಾಣತನ ಇರೋದು ಇಲ್ಲೇ. ಅನ್ನ ಹಾಳು ಮಾಡೋ ಸೂಕ್ಷ್ಮಜೀವಿಗಳು ಬೆಳೆಯೋಕೆ ತೇವ ಬೇಕು, ಬೆಚ್ಚಗಿರಬೇಕು, ಹುಳಿ ಕಡಿಮೆ ಇರಬೇಕು. ಬೆಚ್ಚಗೆ ಇರೋದನ್ನ ತಪ್ಪಿಸೋಕೆ ಫ್ರಿಜ್ ಇರಲಿಲ್ಲ. ಉಳಿದ ಎರಡರ ಮೇಲೆ ಹೆಣ್ಣುಮಕ್ಕಳು ಕೈ ಹಾಕಿದರು. ಕಡಕ್ ರೊಟ್ಟಿಯಲ್ಲಿ ತೇವ ಇಲ್ಲ, ಅದಕ್ಕೇ ವಾರಗಟ್ಟಲೆ ಕೆಡಲ್ಲ. ಶೇಂಗಾ ಚಟ್ನಿಪುಡಿಯೂ ಹಾಗೇ. ಪುಳಿಯೋಗರೆಯಲ್ಲಿ ಹುಣಸೆಹಣ್ಣಿನ ಹುಳಿ, ಉಪ್ಪು, ಎಣ್ಣೆ ಮೂರೂ ಸೇರಿ ಕಾವಲು ಕಾಯುತ್ತವೆ. ಹಸಿ ತೆಂಗಿನಕಾಯಿ ಬಿಟ್ಟು ಒಣ ಕೊಬ್ಬರಿ ಹಾಕೋದು ಯಾಕೆ ಅಂತ ಈಗ ಗೊತ್ತಾಯ್ತಲ್ಲ? ಮೊಸರನ್ನ ಕಲಸುವಾಗ ಮೊಸರು ಕಡಿಮೆ ಮಾಡಿ, ಕಾಯಿಸಿ ಆರಿಸಿದ ಹಾಲು ಜಾಸ್ತಿ ಹಾಕ್ತಾರೆ. ದಾರಿಯಲ್ಲೇ ಅದು ಹೆಪ್ಪಾಗಿ, ಊಟದ ಹೊತ್ತಿಗೆ ಹದವಾದ ಹುಳಿಗೆ ಬರುತ್ತೆ.

ಈ ವಿದ್ಯೆಗೆಲ್ಲ ಯಾರ ಹೆಸರಿನ ಪುಸ್ತಕವೂ ಬರಲಿಲ್ಲ. ನಸುಕಿನ ನಾಲ್ಕಕ್ಕೆ ಎದ್ದು ಕಲಸಿ ಕಟ್ಟಿಕೊಟ್ಟವರೇ ಎಷ್ಟೋ ಸಲ ಮನೆಯಲ್ಲೇ ಉಳಿದರು. ಅದೂ ಈ ಇತಿಹಾಸದ ಒಂದು ಪುಟ.

ಇನ್ನು ನೀರು. ನೀರು ಒಯ್ಯೋಕೆ ಒಣಗಿಸಿದ ಸೋರೆಬುರುಡೆ ಇತ್ತು, ಚರ್ಮದ ಚೀಲ ಇತ್ತು, ತಾಮ್ರದ ತಂಬಿಗೆ ಇತ್ತು. ದಾರಿಯಲ್ಲಿ ಅರವಟ್ಟಿಗೆ ಇತ್ತು. ಬೇಸಿಗೆಯಲ್ಲಿ ದಾರಿಹೋಕರಿಗೆ ಪುಕ್ಕಟೆ ನೀರು ಕೊಡೋ ತಾಣ. ಅರವಟ್ಟಿಗೆ ಇಡೋದು ದೊಡ್ಡ ಪುಣ್ಯ ಅಂತ ನಂಬಿಕೆ. ಅದಕ್ಕೆ ಬಿಟ್ಟ ದತ್ತಿಗಳ ಉಲ್ಲೇಖ ಕನ್ನಡ ಶಾಸನಗಳಲ್ಲಿದೆ. ಈಗಲೂ ಏಪ್ರಿಲ್ ಬಂತು ಅಂದ್ರೆ ಅಂಗಡಿ ಮುಂದೆ, ಬಸ್ ನಿಲ್ದಾಣದ ಹತ್ತಿರ ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಮಡಕೆ ಕಾಣಿಸುತ್ತೆ. ನಿಜಕ್ಕೂ ಹೆಮ್ಮೆಪಡಬೇಕಾದ ಸಂಪ್ರದಾಯ.

ಇಲ್ಲಿಗೆ ಕಥೆ ನಿಲ್ಲಿಸಿದ್ದರೆ ಚೆನ್ನಾಗಿರ್ತಿತ್ತು. ಆದರೆ ಒಂದು ಪ್ರಶ್ನೆ ಉಳಿದುಬಿಡುತ್ತೆ. ‘ನೀರು ಸಿಗುತ್ತೆ’ ಅಂದ್ರೆ, ಯಾರಿಗೆ ಸಿಗುತ್ತೆ?

ತುಂಬಿದ ಬುತ್ತಿ, ಖಾಲಿ ಹೊಟ್ಟೆ

ಬೀಟನ್ನರ ಪುಸ್ತಕ ಬಂದು 40 ವರ್ಷ ಆಗಿದೆ. ಇಸವಿ 1901. ಬೆಳಗಾವಿಯಿಂದ ಪುಣೆಗೆ ಹೆದ್ದಾರಿಯಲ್ಲಿ ಹೋದರೆ ದಾರಿಯಲ್ಲಿ ಸಾತಾರಾ ಸಿಗುತ್ತಲ್ಲ, ಆ ಊರು. ಬೇಸಿಗೆ ರಜೆ. ಒಂಬತ್ತು ವರ್ಷದ ಒಬ್ಬ ಹುಡುಗ, ಅವನ ಅಣ್ಣ, ಅಕ್ಕನ ಮಕ್ಕಳು ಅಪ್ಪನನ್ನ ನೋಡೋಕೆ ಹೊರಟಿದ್ದಾರೆ. ಅಪ್ಪನಿಗೆ ಗೋರೆಗಾಂವ್‌ನಲ್ಲಿ ಖಜಾಂಚಿ ಕೆಲಸ. ಬರಗಾಲದಲ್ಲಿ ಜನರಿಗೆ ಕೂಲಿ ಸಿಗಲಿ ಅಂತ ಸರ್ಕಾರ ಅಲ್ಲಿ ಕೆರೆ ತೋಡಿಸುತ್ತಿತ್ತು.

ಮಕ್ಕಳ ಸಂಭ್ರಮ ಹೇಗಿತ್ತು ಅಂದ್ರೆ, ಹೊಸ ಅಂಗಿ, ಮಿರುಗೋ ಟೋಪಿ, ಹೊಸ ಬೂಟು, ರೇಷ್ಮೆ ಅಂಚಿನ ಪಂಚೆ. ಜೊತೆಗೆ ದಾರಿಗೆ ಅಂತ ತುಂಬಿದ ತಿಂಡಿಯ ಬುಟ್ಟಿ. ರೈಲು ಹತ್ತೋದು ಅವರಿಗೆ ಅದೇ ಮೊದಲು.

ಮಸೂರು ಅನ್ನೋ ನಿಲ್ದಾಣದಲ್ಲಿ ಇಳಿದರು. ಕರ್ಕೊಂಡು ಹೋಗೋಕೆ ಯಾರೂ ಬಂದಿರಲಿಲ್ಲ. ಇವರು ಬರೆದ ಕಾಗದವೇ ಅಪ್ಪನ ಕೈ ಸೇರಿರಲಿಲ್ಲ. ಒಳ್ಳೆ ಬಟ್ಟೆ ಹಾಕಿದ ಮಕ್ಕಳನ್ನ ನೋಡಿ ಸ್ಟೇಷನ್ ಮಾಸ್ತರ ಬಂದು ವಿಚಾರಿಸಿದ. ಯಾವ ಜನ ಅಂತ ಕೇಳಿದ. ಮಹಾರರು ಅಂದಿದ್ದೇ ತಡ, ಅವನ ಮುಖ ಬದಲಾಯಿತು. ಎತ್ತಿನ ಗಾಡಿಯವರು ಯಾರೂ ಹತ್ತಿಸಿಕೊಳ್ಳಲಿಲ್ಲ. ಕೊನೆಗೆ ಎರಡು ಪಟ್ಟು ಬಾಡಿಗೆಗೆ ಒಬ್ಬ ಒಪ್ಪಿದ. ಷರತ್ತು ಏನು ಗೊತ್ತಾ? ಗಾಡಿ ಮಕ್ಕಳೇ ಹೊಡೀಬೇಕು, ಅವನು ಪಕ್ಕದಲ್ಲಿ ನಡೀತಾನೆ.

ಸಂಜೆ ಒಂದು ಒಣಗಿದ ಹೊಳೆಯ ಹತ್ತಿರ ಗಾಡಿ ನಿಂತಿತು. ಬುಟ್ಟಿ ಬಿಚ್ಚಿ ಉಣ್ಣೋಕೆ ಕೂತರು. ನೀರು ಬೇಕಲ್ಲ. ಹತ್ತಿರದ ಗುಂಡಿಯಲ್ಲಿದ್ದದ್ದು ಕೆಸರು, ದನಗಳ ಸಗಣಿ, ಗಂಜಳ ಕಲೆತ ನೀರು. ಬಾಯಿಗೆ ಹಾಕೋ ಹಾಗಿರಲಿಲ್ಲ. ಊಟ ಅರ್ಧಕ್ಕೇ ನಿಂತಿತು.

ನಡುರಾತ್ರಿ ಒಂದು ಬೆಟ್ಟದ ಬುಡದಲ್ಲಿ ಸುಂಕದ ಕಟ್ಟೆ. ಮಹಾರರು ಅಂದ್ರೆ ನೀರು ಕೊಡಲ್ಲ, ಮುಸಲ್ಮಾನರು ಅಂತ ಹೇಳಿ ನೋಡು ಅಂದ ಗಾಡಿಯವನು. ಹುಡುಗ ಉರ್ದುವಿನಲ್ಲೇ ಕೇಳಿದ. ನೀರು ಬೇಕಾದರೆ ಬೆಟ್ಟದ ಮೇಲೆ ಹೋಗಿ ತಗೋ, ನನ್ನ ಹತ್ತಿರ ಇಲ್ಲ ಅಂತ ಉತ್ತರ ಬಂತು. ಬುಟ್ಟಿ ತುಂಬ ಊಟ ಇಟ್ಟುಕೊಂಡು ಆ ಮಕ್ಕಳು ಹಸಿದುಕೊಂಡೇ ಮಲಗಿದರು. ನೀರಿಲ್ಲದೆ ಗಂಟಲಲ್ಲಿ ತುತ್ತು ಇಳಿಯಬೇಕಲ್ಲ.

ಆ ಹುಡುಗನ ಹೆಸರು ಭೀಮರಾವ್ ಅಂಬೇಡ್ಕರ್. ದೊಡ್ಡವರಾದ ಮೇಲೆ ‘ವೇಟಿಂಗ್ ಫಾರ್ ಎ ವೀಸಾ’ ಅನ್ನೋ ಬರಹದಲ್ಲಿ ಅವರೇ ಇದನ್ನೆಲ್ಲ ಬರೆದಿಟ್ಟಿದ್ದಾರೆ. ತಾನು ಅಸ್ಪೃಶ್ಯ ಅನ್ನೋದು ಅದಕ್ಕೆ ಮೊದಲೂ ಗೊತ್ತಿತ್ತು, ಆದರೆ ಆ ಪ್ರಯಾಣ ಕೊಟ್ಟ ಪೆಟ್ಟು ಬೇರೆ ಅನ್ನೋದು ಅವರ ಮಾತಿನ ಸಾರ.

ಎರಡು ಪಟ್ಟಿಗಳನ್ನ ಪಕ್ಕ ಪಕ್ಕ ಇಟ್ಟು ನೋಡಿ. ಒಂದರಲ್ಲಿ 122 ಬಾಟಲಿ ಇದೆ, ನೀರಿಲ್ಲ, ಆದರೂ ಚಿಂತೆ ಇಲ್ಲ. ಇನ್ನೊಂದರಲ್ಲಿ ಅತ್ತೆ ಪ್ರೀತಿಯಿಂದ ತುಂಬಿಸಿದ ಬುಟ್ಟಿ ಇದೆ, ನೀರಿಲ್ಲ, ಆದ್ದರಿಂದ ಊಟವೇ ಇಲ್ಲ.

ಕಾಲು ಶತಮಾನದ ನಂತರ, ಮತ್ತೊಂದು ಬೇಸಿಗೆ. 1927ರ ಮಾರ್ಚ್, ಕೊಂಕಣದ ಮಹಾಡ್. ಸರ್ಕಾರಿ ಖರ್ಚಿನ ಕೆರೆ ಬಾವಿಗಳು ಎಲ್ಲರಿಗೂ ತೆರೆದಿರಬೇಕು ಅಂತ ಮುಂಬಯಿ ವಿಧಾನ ಪರಿಷತ್ತು 1923ರಲ್ಲೇ ಠರಾವು ಮಾಡಿತ್ತು. ಅಲ್ಲಿನ ಚವದಾರ್ ಕೆರೆ ಮಟ್ಟಿಗೆ ಅದು ಕಾಗದದ ಮೇಲೇ ಉಳಿದಿತ್ತು. ಮಹಾಡ್‌ನಲ್ಲಿ ಸಮ್ಮೇಳನ ಸೇರಿತು. ಹೆಗಲಿಗೆ ರೊಟ್ಟಿಯ ಗಂಟು ಕಟ್ಟಿಕೊಂಡು ದೂರದಿಂದ ಬಂದವರಿದ್ದರು. ರೊಟ್ಟಿಯೇನೋ ತಂದಿದ್ದರು. ಕುಡಿಯೋ ನೀರನ್ನ ಮಾತ್ರ ಸಂಘಟಕರು ಊರಿನ ಸವರ್ಣೀಯರಿಂದ 40 ರೂಪಾಯಿ ಕೊಟ್ಟು ಕೊಳ್ಳಬೇಕಾಯಿತು, ಕೆರೆ ಕಣ್ಣೆದುರೇ ಇರುವ ಊರಿನಲ್ಲಿ. ಮಾರ್ಚ್ 20ರಂದು ಅಂಬೇಡ್ಕರ್ ಸಾವಿರಾರು ಜನರ ಜೊತೆ ನಡೆದುಹೋಗಿ ಆ ಕೆರೆಯ ನೀರು ಕುಡಿದರು. ಆಮೇಲೆ ಹಲ್ಲೆಯಾಯಿತು, ಕೆರೆ ‘ಶುದ್ಧಿ’ಯೂ ಆಯಿತು. ವ್ಯಾಜ್ಯ ನಡೆದು, ಮುಂಬಯಿ ಹೈಕೋರ್ಟಿನ ತೀರ್ಪು ಅಂಬೇಡ್ಕರ್ ಕಡೆಯವರ ಪರ ಬಂದಿದ್ದು 1937ರಲ್ಲಿ. ಒಂದು ಬೊಗಸೆ ನೀರಿಗೆ ಹತ್ತು ವರ್ಷ.

ಮತ್ತೆ ನಮ್ಮ ಗ್ರೂಪಿಗೆ

‘ನೀರು ನಾನು ತರ್ತೀನಿ’ ಅಂದ ಗೆಳೆಯನ ಮಾತು ಈಗ ಹೇಳ್ತೀನಿ. ಪಿಕ್ನಿಕ್ ದಿನ ಅವನು 20 ಲೀಟರಿನ ಕ್ಯಾನು ಹೊತ್ತು ತಂದ. ನಾನು ತಮಾಷೆಗೆ, ‘ಏನೋ, ಮದುವೆ ಮನೆಗಾ?’ ಅಂದೆ. ಅವನು ನಕ್ಕ. ಊಟ ಆದ ಮೇಲೆ, ಉಳಿದವರು ಮರದ ಕೆಳಗೆ ಮಲಗಿದ್ದಾಗ ಹೇಳಿದ: ‘ನಮ್ಮಪ್ಪ ಯಾವತ್ತೂ ನೀರಿಲ್ಲದೆ ಮನೆ ಬಿಡ್ತಿರ್ಲಿಲ್ಲ ಕಣೋ. ಸಂತೆಗೆ ಹೋದ್ರೂ ಬಾಟ್ಲಿ ಕೈಲಿ ಇರ್ಬೇಕು. ಬಾಯಾರುತ್ತೆ ಅಂತಲ್ಲ. ಯಾರ ಮನೆ ಬಾಗಿಲಲ್ಲೂ ನಿಂತು ಕೇಳ್ಬಾರ್ದು ಅಂತ.’

ಅವನ ಜೊತೆ ಐದು ವರ್ಷ ಓದಿದ್ದೀನಿ. ಅವನ ಬ್ಯಾಗಿನಲ್ಲಿ ಯಾವಾಗಲೂ ಎರಡು ಬಾಟಲಿ ಇರ್ತಿತ್ತು, ನಾನೇ ಎಷ್ಟೋ ಸಲ ಕಿತ್ಕೊಂಡು ಕುಡಿದಿದ್ದೀನಿ. ಯಾಕೆ ಎರಡು ಅಂತ ಒಮ್ಮೆಯೂ ಕೇಳಿರಲಿಲ್ಲ. ನನಗೆ ಕೇಳಬೇಕು ಅನ್ನಿಸಿರಲೇ ಇಲ್ಲ. ಯಾಕಂದ್ರೆ ನನಗೆ ನೀರು ಎಲ್ಲ ಕಡೆ ‘ಅಲ್ಲೇ ಸಿಗ್ತಿತ್ತು’.

ಏನನ್ನ ಕಟ್ಟಿಕೊಳ್ಳಬೇಕಾಗಿಲ್ಲ ಅಂತ ನಾವು ಅಂದ್ಕೋತೀವೋ ಅದರಲ್ಲಿ ನಮ್ಮ ಜಾಗ ಯಾವುದು ಅನ್ನೋದು ಗೊತ್ತಾಗುತ್ತೆ. ಬೀಟನ್ ಕೆಟ್ಟವರಾಗಿರಲಿಲ್ಲ, ನಾನೂ ಕೆಟ್ಟ ಉದ್ದೇಶದಿಂದ ಬರೀಲಿಲ್ಲ. ನಮ್ಮಿಬ್ಬರಿಗೂ ಇಲ್ಲ ಅನ್ನಿಸಿಕೊಂಡ ಅನುಭವ ಇರಲಿಲ್ಲ, ಅಷ್ಟೇ.

ಇನ್ನೂ ಒಂದು ಬದಲಾವಣೆ ಆಗಿದೆ. ‘ಅಲ್ಲೇ ಸಿಗುತ್ತೆ’ ಅನ್ನೋ ಮಾತು ಈಗ ಯಾರಿಗೂ ಪೂರ್ತಿ ನಿಜ ಅಲ್ಲ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿ, ಕುಡಿಯೋ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿದ್ದು ನೆನಪಿದೆ ತಾನೇ?

ಆದ್ದರಿಂದ ಈ ಬೇಸಿಗೆಗೆ ನಮ್ಮ ಪಟ್ಟಿ ತಿದ್ದಿದ್ದೀನಿ. ಹತ್ತು ಜನರ ಲೆಕ್ಕ. ಮೊದಲ ಸಾಲಿನಲ್ಲೇ ನೀರು: ಒಬ್ಬರಿಗೆ 3 ಲೀಟರ್, ಒಟ್ಟು 30. ಕೈ ತೊಳೆಯೋಕೆ ಇನ್ನೊಂದು 10 ಲೀಟರ್. ಅದರ ಮೇಲೆ ಒಂದು ಸಣ್ಣ ಕ್ಯಾನು ಹೆಚ್ಚಿಗೆ, ಅಲ್ಲಿ ಯಾರಾದರೂ ಕೇಳಿದರೆ ಕೊಡೋಕೆ. ಉಪ್ಪು, ಸಕ್ಕರೆ, ನಿಂಬೆಹಣ್ಣು, ಶರಬತ್ತಿಗೆ. ಅನ್ನವನ್ನ ಅಗಲ ತಟ್ಟೆಯಲ್ಲಿ ಹರವಿ ಬೇಗ ಆರಿಸಿ ಕಲಸಿ. ಬಿಸಿ ಬಿಸಿ ಮುಚ್ಚಿದರೆ ಹಬೆ ನೀರಾಗಿ ಇಳಿದು ಬೇಗ ಹಳಸುತ್ತೆ. ಬೆಚ್ಚಗೆ ಗಂಟೆಗಟ್ಟಲೆ ಇಟ್ಟ ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾ ವಿಷ ಬಿಡುತ್ತೆ, ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗಲ್ಲ. ಮೊಟ್ಟೆ, ಮಾಂಸ, ಪನೀರ್ ಇದ್ದರೆ ಐಸ್ ಪೆಟ್ಟಿಗೆ ಬೇಕೇ ಬೇಕು. ಹೊರಗೆ 32 ಡಿಗ್ರಿ ದಾಟಿದ್ದರೆ ಅಂಥ ತಿಂಡಿಯನ್ನ ಒಂದು ಗಂಟೆಗಿಂತ ಹೆಚ್ಚು ಹಾಗೇ ಇಡಬೇಡಿ. ಜಮಖಾನ, ಟೋಪಿ, ಸ್ಟೀಲ್ ತಟ್ಟೆ ಲೋಟ, ಕಸ ವಾಪಸ್ ತರೋಕೆ ಒಂದು ಚೀಲ. ಓಪನರ್ ಒಂದು ಸಾಕು, ಮೂರು ಬೇಡ.

ಕೊನೆಗೆ ಒಂದು ಮಾತು. ಪಿಕ್ನಿಕ್ ಅಂದ್ರೆ ಪಾಲಿನ ಊಟ ಅಂತ ಹೇಳಿದ್ದೆನಲ್ಲ. ಆವತ್ತು ನಮ್ಮ ಗ್ರೂಪಿನಲ್ಲಿ ಎಲ್ಲರಿಗಿಂತ ಭಾರದ ಪಾಲು ಹೊತ್ತವನು ಅವನು. ಈ ವರ್ಷ ಮತ್ತೆ ಪ್ಲಾನ್ ಶುರುವಾಗಿದೆ. ಪಟ್ಟಿಯಲ್ಲಿ ನೀರಿನ ಮುಂದೆ ನನ್ನ ಹೆಸರು ಹಾಕ್ಕೊಂಡಿದ್ದೀನಿ. ಅವನು ಚಿಪ್ಸ್ ತರ್ತಾನಂತೆ.

ನಿಮ್ಮ ಮನೆಯ ಬುತ್ತಿಯಲ್ಲಿ ತಪ್ಪದೇ ಇರ್ತಿದ್ದ ಒಂದು ವಸ್ತು ಯಾವುದು, ಅದು ಯಾಕೆ ಇರ್ತಿತ್ತು ಅಂತ ಹಿರಿಯರನ್ನ ಒಮ್ಮೆ ಕೇಳಿ ನೋಡಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ. ಬಿಸಿಲು ಜೋರಿದೆ, ನೀರು ಕುಡೀತಾ ಇರಿ.